ಅಕ್ಕೋರ ಅಣಬೆ ಕೋಣೆ

ಅಕ್ಕೋರ ಹುಬ್ಬಿನ ಮೇಲೆ, ರೆಪ್ಪೆಗಳ ಮೇಲೆ ಸದಾ ಹಿಟ್ಟಿನಂಥ ಬಿಳಿ ಪುಡಿ ಕೂತಿರುತ್ತಿತ್ತು. ತರಗತಿಯ ಸೀಮೆಸುಣ್ಣ ಇರಬೇಕು ಅಂದುಕೊಂಡಿದ್ದೆ. ಅದು ಅಣಬೆ ಉದುರಿಸುವ ಧೂಳು ಎಂದು ತಿಳಿದದ್ದು, ನಾನು ಕುರುಗೋಡಿನ ಶಾಲೆಗೆ ಹೊಸ ಟೀಚರಾಗಿ ಬಂದು ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದ ಮೇಲೆ. ಎಂಬತ್ತರ ದಶಕದ ಮೊದಲ ವರ್ಷಗಳು. ಅವರು ನಮ್ಮ ಶಾಲೆಯ ವಿಜ್ಞಾನದ ಟೀಚರು. ಸಿರುಗುಪ್ಪದ ಕಡೆಯವರು, ಒಂಟಿ ಜೀವ. ಊರೆಲ್ಲ ಅಕ್ಕೋರು ಎನ್ನುತ್ತಿತ್ತು, ನಾನೂ.

ಹಿಂದಿನ ಕೋಣೆಗೆ ಗುಡ್ಡದ ಬಂಡೆಯೇ ಒಂದು ಗೋಡೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ತೇವ, ಕತ್ತಲು. ಬಳ್ಳಾರಿಯ ಸಾಮಿಲ್ಲಿನಿಂದ ಬಸ್ಸಿನ ಮೇಲೆ ತರಿಸಿದ ಕಟ್ಟಿಗೆ ಹೊಟ್ಟನ್ನು ನೆನೆಸಿ, ಬೇಯಿಸಿ, ಬಸಿದು, ಅಣಬೆ ಬೀಜ ಬೆರೆಸಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತೂಗುಹಾಕುತ್ತಿದ್ದರು. ಕೆಲವು ವಾರಗಳಲ್ಲಿ ಹೊಟ್ಟು ಪೂರ್ತಿ ಬೆಳ್ಳಗಾಗಿ, ಚೀಲ ಸೀಳಿದಲ್ಲೆಲ್ಲ ಕಿವಿಗಳಂತೆ ಅಣಬೆ ಹೊರಬರುತ್ತಿದ್ದವು. ಅಕ್ಕೋರು ಅಲ್ಲಿ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಯಾಕೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ನನಗೆ ಟೈಫಾಯಿಡ್ ಆದಾಗ ಅಣಬೆ ಸಾರು ಮಾಡಿಕೊಟ್ಟು ಉಳಿಸಿದವರು ಅವರೇ. ನಮ್ಮ ಮನೆತನದಲ್ಲಿ ಯಾರೂ ಅದನ್ನು ಮುಟ್ಟಿದವರಲ್ಲ.

"ಉಣ್ಣು ತಂಗಿ. ಕಬ್ಬಿಣಕ್ಕ ಹಿಡಿದಂಗ ಮೈಯಾಗೂ ತುಕ್ಕು ಹಿಡೀತೈತಿ. ಇದು ಅದನ್ನ ತಡೀತೈತಿ" ಎಂದಿದ್ದರು. ಇವತ್ತಿನ ಪತ್ರಿಕೆಗಳು ಆ್ಯಂಟಿ-ಆಕ್ಸಿಡೆಂಟ್ ಎಂದು ಬರೆಯುವುದು ಅದನ್ನೇ.

ಒಂದು ಮಧ್ಯಾಹ್ನ ಮಜ್ಜಿಗೆ ತಂದ ಎದುರುಮನೆಯ ಅಜ್ಜಿ ಆ ಕೋಣೆಗೆ ಇಣುಕಿ ಚೀರಿದಳು. ಬಾಗಿಲ ಮೇಲಿನ ಬೆಳಕಿಂಡಿಯ ಬಿಸಿಲಿನಲ್ಲಿ, ಬೆಂಕಿಯಿಲ್ಲದೆ, ಬಿಳಿ ಹೊಗೆ ಆಳೆತ್ತರಕ್ಕೆ ಎದ್ದು ಮೆಲ್ಲಗೆ ತಿರುಗುತ್ತಿತ್ತು.

"ಒಳಗ ಯಾರೋ ನಿಂತಾರ್ರೀ!"

"ಯಾರೂ ಇಲ್ಲಬೇ. ಅಣಬಿ ಧೂಳು ಬಿಡಾಕತ್ತಾವು, ಅಷ್ಟ" ಎಂದು ಅಕ್ಕೋರು ನಗುತ್ತ ಅದರೊಳಗೇ ನಡೆದುಹೋದರು. ನಗು ಕೆಮ್ಮಾಯಿತು. ಆ ಕೆಮ್ಮು ಬಹಳ ಹೊತ್ತು ನಿಲ್ಲಲೇ ಇಲ್ಲ.

ಅವತ್ತಿನಿಂದ ಓಣಿಯವರು ಮನೆಗೆ ಬರುವುದು ಬಿಟ್ಟರು. ನಾನು ಕೈಮುಗಿದು ಕೇಳಿಕೊಂಡೆ: "ಬಿಟ್ಟುಬಿಡ್ರಿ ಅಕ್ಕೋರ, ನಿಮ್ಮ ಎದಿಗೆ ಆಗವಲ್ದು."

ಅವರು ಅಣಬೆ ಕೋಣೆಯ ಹಳೆಯ ಮರದ ಮಂಚದ ಮೇಲೆ ಕೂತಿದ್ದರು. "ನೀ ಬರೂಕಿಂತ ಮೊದ್ಲು ಈ ಮನ್ಯಾಗ ನನ್ನ ಉಸಿರು ಬಿಟ್ರ ಬ್ಯಾರೆ ಉಸಿರ ಇದ್ದಿಲ್ಲ. ಈ ಅಣಬಿ ಬಂದ ಮ್ಯಾಲೆ ಮನಿಗೆ ಬರಬೇಕು ಅನಸ್ತೈತಿ. ಹ್ಯಾಂಗ ಬಿಡ್ಲಿ?"

ಆ ಚಳಿಗಾಲದ ಕೊನೆಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಧೂಳು ಶ್ವಾಸಕೋಶವನ್ನು ತಿಂದಿದೆ ಎಂದರು ಡಾಕ್ಟರು.

ಅವರನ್ನು ಆಸ್ಪತ್ರೆಗೆ ಒಯ್ದ ದಿನದಿಂದ ಮುಚ್ಚಿದ್ದ ಕೋಣೆಯನ್ನು ನಾನೇ ತೆಗೆದೆ. ನೀರಿಲ್ಲದೆ ಚೀಲಗಳು ಒಣಗಿದ್ದವು. ಆದರೆ ಬಂಡೆಯ ಜಿನುಗಿಗೆ ನೆನೆದ ಮಂಚದ ತುಂಬ, ಅಕ್ಕೋರು ಕೂರುತ್ತಿದ್ದ ಜಾಗದಲ್ಲೇ, ಅಣಬೆ ಎದ್ದಿದ್ದವು. ಎಲ್ಲವೂ ಬಾಗಿಲ ಕಡೆಗೆ ಮುಖ ಮಾಡಿದ್ದವು. ಬೆಳಕಿದ್ದ ಕಡೆ ಅಣಬೆ ಬಾಗುತ್ತದೆ. ಅದನ್ನು ಅವರೇ ನನಗೆ ಕಲಿಸಿದ್ದರು. ಆದರೂ ಅವುಗಳಿಗೆ ಬಾಯಿಬಿಟ್ಟು ಹೇಳಿದೆ:

"ಅಕ್ಕೋರು ಬರಂಗಿಲ್ಲ."

ಹಿಂದಿನಿಂದ ಅಜ್ಜಿ, "ಮುಟ್ಟಬ್ಯಾಡವ್ವಾ, ಅದರಾಗ ಆಕಿ ಉಸಿರೈತಿ" ಎಂದಳು.

ಇದ್ದರೂ ಇರಬಹುದು ಅನಿಸಿತು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಒಂದೊಂದನ್ನೇ ಬಿಡಿಸಿದೆ. ಅವತ್ತು ಸಾರು ಮಾಡಿ, ಒಬ್ಬಳೇ ಕೂತು, ಒಂದನ್ನೂ ಚೆಲ್ಲದೆ, ಉಂಡೆ.