ಡೆರ್ಕ್ ರಿಪೇರಿ ಮಾಡಿದ ಕೊನೆಯ ಸೆಟ್ಟು

ನನ್ನ ಗಂಡ ಡೆರ್ಕ್ ಮೂವತ್ತೆಂಟು ವರ್ಷ ಟಿವಿ ರಿಪೇರಿ ಮಾಡಿದ. ಅಷ್ಟೂ ವರ್ಷಗಳಲ್ಲಿ ಅವನಿಂದ ಒಂದು ತಪ್ಪೂ ಆಗಲಿಲ್ಲ. ತಪ್ಪೆಲ್ಲ ಆಂಟೆನಾದ್ದು, ಗಾಳಿಯದು, ಗಡಿಯಾಚೆ ಜರ್ಮನಿ ಕಡೆಯಿಂದ ಬರುವ ಅಲೆಗಳದ್ದು, ಇಲ್ಲವೇ ಗಿರಾಕಿಯದು. ಸೆಟ್ಟು ಬಿಚ್ಚಿ ನೋಡಿ ಏನೂ ಸಿಗದಿದ್ದರೆ ಅವನ ಹತ್ತಿರ ಒಂದು ಸಿದ್ಧ ಮಾತಿತ್ತು: "ಸೆಟ್ಟು ನೆಟ್ಟಗಿದೆ. ಹೋಗಿ ಕಣ್ಣು ತೋರಿಸ್ಕೊಳ್ಳಿ." ಪಕ್ಕದ ಮನೆಯ ಗೇಶೆಗೆ ಹೀಗೆ ಹೇಳಿ ಮೂವತ್ತು ವರ್ಷವಾಯಿತು. ಅಂದಿನಿಂದ ಅವಳು ನಮ್ಮ ಅಂಗಡಿಯಲ್ಲಿ ಒಂದು ಬಲ್ಬನ್ನೂ ಕೊಳ್ಳಲಿಲ್ಲ.

ಅಂಗಡಿ ಮುಚ್ಚಿ ಏಳು ವರ್ಷ ಕಳೆದರೂ ಮನೆತನದ ಹೆಸರು ಹೊತ್ತ 'ವೆಸಿಂಕ್ ರಿಪೇರಿ' ಎಂಬ ಬೋರ್ಡು ಮಾತ್ರ ನಮ್ಮ ಗೋಡೆ ಬಿಟ್ಟು ಇಳಿದಿಲ್ಲ. ಪ್ರತಿ ವಸಂತದಲ್ಲಿ ಏಣಿ ಹತ್ತಿ ಅದನ್ನು ಒರೆಸುತ್ತಾನೆ. ನನ್ನ ಹುಟ್ಟುಹಬ್ಬ ಮರೆತದ್ದುಂಟು, ಬೋರ್ಡು ಮರೆತದ್ದಿಲ್ಲ.

ಈ ಸಲ ಬೋರ್ಡು ಒರೆಸಿ ಇಳಿದವನಿಗೆ ವಿಆರ್ ಹೆಡ್‌ಸೆಟ್ಟಿನ ಹುಚ್ಚು ಹಿಡಿಯಿತು. ಆ ಡಬ್ಬಿಯನ್ನು ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರಿನ ಕಾರ್ ರೇಸಿನೊಳಗೇ ಕೂತಂತಾಗುತ್ತದಂತೆ. ನಿಜವಾದ ಕಾರಿನಲ್ಲಿ ಆಗುತ್ತಿದ್ದುದು ಸಾಲದೇನೋ. ಹಿಂದಿನ ಚಳಿಗಾಲದಲ್ಲಿ ಎದುರು ಮನೆಯ ಎವರ್ಟನ ಗೇಟಿನ ಕಂಬಕ್ಕೆ ತಾಗಿಸಿ ಸ್ಟೀರಿಂಗ್ ಎಡಕ್ಕಿರುವ ನಮ್ಮ ಕಾರಿನ ಬಲಗಡೆಯ ಕನ್ನಡಿಯನ್ನು ಎರಡು ಸಲ ಮುರಿದಿದ್ದ. ಎರಡು ಸಲವೂ ಎವರ್ಟನೇ ಕಂಬವನ್ನು ರಸ್ತೆಗೆ ಸರಿಸಿದ್ದ ಎಂದು ತೀರ್ಮಾನವಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಓಡಿಸುತ್ತೇನೆ ಕೊಡು ಎಂದರೆ, "ನೀನಾ? ನೀನು ಓಡಿಸೋದು ಹಾಲಿನ ಗಾಡಿ ಹೋದಂಗೆ," ಎನ್ನುತ್ತಿದ್ದ. ಮದುವೆಯಾಗಿ ನಲವತ್ತನಾಲ್ಕು ವರ್ಷ, ಅವನು ಪಕ್ಕದಲ್ಲಿದ್ದಾಗ ನಾನು ಸ್ಟೀರಿಂಗ್ ಮುಟ್ಟಿದವಳಲ್ಲ.

ಹೆಡ್‌ಸೆಟ್ಟು ಬಂದ ದಿನ ಅದರಲ್ಲಿ ಏನೂ ಕಾಣಲಿಲ್ಲ, ಬರೀ ಕಪ್ಪು. ಕೈಪಿಡಿ ಓದುವುದು ಅವನ ಮರ್ಯಾದೆಗೆ ಕಡಿಮೆ. ಮೂರು ದಿನ ಕಂಪ್ಯೂಟರಿನ ಹೊಟ್ಟೆ ಬಗೆದು ಕೂತ. ನಾನು ಕೈಪಿಡಿಯನ್ನು ಕಕ್ಕಸಿಗೆ ಒಯ್ದು, ಚಿಲಕ ಹಾಕಿಕೊಂಡು ಓದಿದೆ. ನಾಲ್ಕನೆಯ ಪುಟದಲ್ಲೇ ಇತ್ತು: ವೈರನ್ನು ಕಂಪ್ಯೂಟರಿನ ಮೇಲಿನ ಕಿಂಡಿಗೆ ಚುಚ್ಚಬಾರದು, ಕೆಳಗೆ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಚುಚ್ಚಬೇಕು.

ಕಾಫಿ ಕೊಡುವ ನೆಪದಲ್ಲಿ ಕೇಳಿದೆ. "ಅಲ್ಲಾ, ಕೆಳಗೂ ಅದೇ ಥರದ ಕಿಂಡಿ ಇದೆಯಲ್ಲ, ಅದು ಯಾತಕ್ಕೆ?"

"ತಂತ್ರಜ್ಞರ ಕೆಲಸದಲ್ಲಿ ಮೂಗು ತೂರಿಸ್ಬೇಡ ಮಾರಾಯ್ತಿ."

ಐದು ನಿಮಿಷದ ಮೇಲೆ ಒಳಗಿನಿಂದ ಕೂಗಿದ, "ಕಂಡುಹಿಡಿದೆ ಕಣೇ." ತುಂಬಾ ಜಾಣ ನೀನು ಎಂದೆ.

ಚಿತ್ರವೇನೋ ಬಂತು. ಆದರೆ ಎಡಗಣ್ಣಿಗೆ ಮಾತ್ರ. ಬಲಗಣ್ಣಿನ ಸ್ಕ್ರೀನಿಗೆ ಮಸಿ ಬಳಿದ ಹಾಗಿದೆ, ಅಂಚಿನಲ್ಲಷ್ಟೇ ಬೆಳಕು ಎಂದ. ವೈರು ಬದಲಾಯಿಸಿದ. ಕಾರ್ಡಿನ ಸಾಫ್ಟ್‌ವೇರು ತೆಗೆದು ಹೊಸದು ಹಾಕಿದ. ಮಸೂರ ಒರೆಸಿದ, ಒಳಗಿನ ಬೆಳಕು ಏರಿಸಿದ, ಪಟ್ಟಿ ಬಿಗಿ ಮಾಡಿದ, ಸಡಿಲ ಮಾಡಿದ. ನಾನೊಮ್ಮೆ ಹಾಕಿಕೊಂಡು ನೋಡಲೇ ಎಂದರೆ ಕೂದಲಿನ ಎಣ್ಣೆ ಮಸೂರಕ್ಕೆ ಹತ್ತುತ್ತದೆ ಎಂದ. ಅದನ್ನು ಕೊಂಡ ಅಂಗಡಿಗೆ ಒಯ್ದರೆ ಅಲ್ಲಿಯವರು "ನಮಗೇನೋ ಸರಿಯಾಗೇ ಕಾಣ್ತಿದೆ" ಎಂದರಂತೆ. ಜಗಳ ಬೇಡವೆಂದು ಬೇರೆಯದನ್ನೇ ಕೊಟ್ಟು ಕಳಿಸಿದರು. ಅದರಲ್ಲೂ ಬಲಗಡೆ ಕಪ್ಪು.

"ಒಂದೇ ಲಾಟಿನ ಮಾಲು," ಎಂದ ಡೆರ್ಕ್. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯದನ್ನು ತೋರಿಸುವವರು ಯಾರು?

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗುರುವಾರ ಊರಿನ ಕೆಫೆಯಲ್ಲಿ ಕೂತು ಎಲ್ಲರೆದುರು ಪಣ ತೊಟ್ಟು ಬಂದ: ಶನಿವಾರದೊಳಗೆ ಸರಿಮಾಡದಿದ್ದರೆ ಬೋರ್ಡು ಇಳಿಸುತ್ತಾನಂತೆ. ಕೇಳಿ ನಗು ಬಂತು, ಆಮೇಲೆ ಹೆದರಿಕೆಯಾಯಿತು. ಆ ಬೋರ್ಡು ಇಳಿದ ದಿನ ಇವನು ಕುರ್ಚಿ ಹಿಡಿದು ಕೂತುಬಿಡುತ್ತಾನೆ, ಮತ್ತೆ ಏಳುವುದಿಲ್ಲ. ನನಗೆ ಇವನು ಬೇಕು, ಜಂಬದ ಸಮೇತ.

ಶನಿವಾರ ಬೆಳಿಗ್ಗೆ ಆ ಅಂಗಡಿಗೆ ಫೋನು ಮಾಡಿದ. ಆ ಕಡೆಯ ಹುಡುಗಿ, ದೊಡ್ಡ ಕಿಟಕಿಯ ಬಿಸಿಲು ಎದುರಿಗೆ ಬಿದ್ದರೆ ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ಗೊಂದಲವಾಗುತ್ತದೆ, ಪರದೆ ಎಳೆದು ನೋಡಿ ಎಂದಳು. ಪಾಪ, ಅವಳು ಪಟ್ಟಣದವಳು. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ನಮ್ಮ ಮನೆಯ ಪರದೆಯನ್ನು ಕೊನೆಯ ಸಲ ಹಗಲಿನಲ್ಲಿ ಎಳೆದದ್ದು ನಮ್ಮತ್ತೆ ತೀರಿಕೊಂಡ ದಿನ.

"ಬೇಡ ಕಣೋ, ಜನ ಏನಂದ್ಕೊಂಡಾರು?"

"ಜನ ನನ್ನ ಬೋರ್ಡು ಕಾಯ್ತಾರಾ?" ಎಂದು ಹತ್ತು ಗಂಟೆಗೆ ಪರದೆ ಎಳೆದ.

ಹತ್ತೂ ಇಪ್ಪತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಕಪ್ಪು ಕೋಟು ತೊಟ್ಟ ಗೇಶೆ, ಕೈಯಲ್ಲಿ ಒಣದ್ರಾಕ್ಷಿ ಬ್ರೆಡ್ಡಿನ ಬುಟ್ಟಿ. ಹಿಂದೆ ಎವರ್ಟ್ ಮತ್ತು ಅವನ ಹೆಂಡತಿ. ಸಾವಿನ ಮನೆಯ ಬಾಗಿಲನ್ನು ಮೊದಲು ತಟ್ಟಬೇಕಾದವರು ಪಕ್ಕದ ಮನೆಯವರು. ಮೂವತ್ತು ವರ್ಷದ ಸಿಟ್ಟು ಬೇರೆ, ಕರ್ತವ್ಯ ಬೇರೆ.

"ಯೆನ್ನೆಕೆ, ಎಷ್ಟೊತ್ತಿಗೆ ಹೋದ?" ಎಂದು ನನ್ನ ಕೈ ಹಿಡಿದಳು.

"ಬಾಗಿಲು ಹಾಕ್ರೋ, ಬೆಳಕು ಬರ್ತಿದೆ," ಎಂದು ಹೋದವನೇ ಒಳಗಿನಿಂದ ಗದರಿದ.

ಎವರ್ಟ್ ಟೋಪಿ ತೆಗೆದಿದ್ದವನು ಮತ್ತೆ ಹಾಕಿಕೊಂಡ. "ಇವ್ನು ಸತ್ತಿಲ್ವಾ? ಹೆಣ ಹೊರೋಕೆ ಅಂತ ಒಳ್ಳೆ ಶೂ ಹಾಕ್ಕೊಂಡು ಬಂದಿದ್ದೀನಿ."

ಬಂದವರನ್ನು ಹಾಗೇ ಕಳಿಸುವುದು ಹೇಗೆ? ಕಾಫಿಗಿಟ್ಟೆ. ಹಗಲು ಪರದೆ ಎಳೆದ ತಪ್ಪಿಗೆ ಡೆರ್ಕ್ ಸಮಜಾಯಿಷಿ ಕೊಡಲೇಬೇಕಾಯಿತು. ಇವನ ಬೋರ್ಡು ಇಳಿಸಲು ಹುನ್ನಾರ ಮಾಡಿದ ಸ್ಕ್ರೀನಿನ ಕಥೆಯನ್ನೆಲ್ಲ ಹೇಳಿ, ಬೇಕಾದರೆ ನೀವೇ ನೋಡಿ ಎಂದು ಡಬ್ಬಿಯನ್ನು ಎವರ್ಟನ ತಲೆಗೆ ಕಟ್ಟಿದ.

"ಬಲಗಡೆ ಏನಾಗಿದೆ? ಚೆನ್ನಾಗೇ ಇದೆಯಲ್ಲ," ಎಂದ ಎವರ್ಟ್.

"ಎಡಗಣ್ಣು ಮುಚ್ಕೊಂಡು ನೋಡು."

"ಮುಚ್ಚೇ ನೋಡ್ತಿದ್ದೀನಿ. ರಸ್ತೆ ಇದೆ, ಮರ ಇದೆ, ಒಂದು ಗೇಟೂ ಇದೆ. ಕಂಬ ಇನ್ನೂ ನೆಟ್ಟಗಿದೆ, ನೀನು ಈ ಕಡೆ ಬಂದಿಲ್ಲ ಅನ್ಸತ್ತೆ."

ಅವನ ಹೆಂಡತಿ ನೋಡಿದಳು. ಸರಿಯಾಗಿದೆ ಎಂದಳು. ಗೇಶೆ ನೋಡಿದಳು, ತೆಗೆದು ನನ್ನ ಕೈಗೆ ಕೊಟ್ಟಳು. ಎಣ್ಣೆಯ ಮಾತೆತ್ತಲು ಡೆರ್ಕ್‌ಗೆ ಈಗ ಬಾಯಿ ಬರಲಿಲ್ಲ. ನಾನು ಎಡಗಣ್ಣು ಮುಚ್ಚಿ ನೋಡಿದೆ. ಎಂಥ ಹಸಿರು, ಎಂಥ ಬಿಸಿಲು, ಒಂದೊಂದು ಎಲೆಯೂ ಎಣಿಸುವಷ್ಟು ಸ್ಪಷ್ಟ. ಆ ಎರಡು ಕನ್ನಡಿಗಳು ಯಾಕೆ ಮುರಿದವೆಂದು ಆಗ ಗೊತ್ತಾಯಿತು, ಮತ್ತು ಪ್ರತಿ ಗುರುವಾರ ಆ ಕಾರಿನಲ್ಲಿ ಅವನ ಬಲಕ್ಕೆ ಕೂತು ಸಂತೆಗೆ ಹೋಗುತ್ತಿದ್ದವಳು ನಾನೇ ಎಂಬುದೂ ನೆನಪಾಯಿತು.

ಗಿರಾಕಿಗಳಿಗೆ ಡೆರ್ಕ್ ಹೇಳುತ್ತಿದ್ದ ಆ ಹಳೆಯ ಮಾತು ಎಲ್ಲರ ನಾಲಿಗೆಯ ತುದಿಯಲ್ಲಿತ್ತು. ನಾನು ಗೇಶೆಯನ್ನೇ ನೋಡಿದೆ. ಮೂವತ್ತು ವರ್ಷ ಕಾದವಳು, ಇವತ್ತು ಬಿಡುತ್ತಾಳೆಯೇ?

ಗೇಶೆ ಬ್ರೆಡ್ಡು ಕತ್ತರಿಸಿ ದಪ್ಪಗೆ ಬೆಣ್ಣೆ ಸವರಿ ಅವನ ಮುಂದಿಟ್ಟಳು. "ಡೆರ್ಕ್, ಸೆಟ್ಟು ನೆಟ್ಟಗಿದೆ," ಎಂದಳು. ಅಷ್ಟಕ್ಕೇ ನಿಲ್ಲಿಸಿದಳು.

"ಉಳಿದದ್ದನ್ನೂ ಹೇಳು," ಎಂದ ಅವನು. "ಹೇಳೋಕೆ ತಾನೇ ಕಾಯ್ತಿದ್ದೆ?"

"ಅವತ್ತು ನೀನು ಹೇಳ್ದಾಗ ಮೈಯೆಲ್ಲ ಉರಿದಿತ್ತು. ಆ ಸಿಟ್ಟಲ್ಲೇ ಹೋಗಿ ತೋರಿಸ್ಕೊಂಡೆ. ಇನ್ನೊಂದು ತಿಂಗಳು ಬಿಟ್ಟಿದ್ರೆ ಎರಡೂ ಕಣ್ಣು ಹೋಗ್ತಿತ್ತು ಅಂದ್ರು ಡಾಕ್ಟ್ರು."

"ಮೂವತ್ತು ವರ್ಷ ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಜಂಬ ಇಟ್ಕೊಳ್ಳೋಕೆ ಈ ಊರಲ್ಲಿ ಜಾಗ ಸಾಲ್ತಿತ್ತಾ?"

ಡೆರ್ಕ್ ಎದ್ದು ಹೋಗಿ ಪರದೆ ಸರಿಸಿದ. ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಬೀದಿಯ ಕಡೆ ಮುಖ ಮಾಡಿ ನಿಂತ.

"ಯೆನ್ನೆಕೆ, ಚರ್ಚಿನ ಗೋಪುರ ಎಲ್ಲಿ?"

"ಅಲ್ಲೇ ಇದೆ, ನಿನ್ನೆದುರಿಗೆ."

"ಕಂಬ?"

"ಅದೂ ಅಲ್ಲೇ ಇದೆ," ಎಂದ ಎವರ್ಟ್, ತುಂಬ ಮೆತ್ತಗೆ.

ಬೋರ್ಡಿನ ಸುದ್ದಿ ಯಾರೂ ಎತ್ತಲಿಲ್ಲ. ಡೆರ್ಕ್ ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಏಪ್ರನ್ನಿನ ಜೇಬಿಗೆ ಹಾಕಿದ.

ಸೋಮವಾರ ಕಣ್ಣಿನ ಆಸ್ಪತ್ರೆಗೆ ಹೊರಟೆವು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಅವನು ಬಲಗಡೆ ಕೂತು ಎರಡೂ ಕೈಯಲ್ಲಿ ಸೀಟ್ ಬೆಲ್ಟು ಹಿಡಿದುಕೊಂಡಿದ್ದ. ಎವರ್ಟನ ಗೇಟು ದಾಟಿದೆವು, ಕನ್ನಡಿಗೆ ಏನೂ ಆಗಲಿಲ್ಲ. ಹಾಲಿನ ಗಾಡಿಯ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಉತ್ತರ ಸಿದ್ಧಮಾಡಿಕೊಂಡೇ ಓಡಿಸುತ್ತಿದ್ದೆ. ಆಸ್ಪತ್ರೆಯ ಬೋರ್ಡು ದೂರದಲ್ಲಿ ಕಂಡಾಗ ಅವನು ಬಾಯಿಬಿಟ್ಟ.

"ಇನ್ನೂ ಸ್ವಲ್ಪ ನಿಧಾನಕ್ಕೆ ಹೋಗು, ಯೆನ್ನೆಕೆ."

ನಾನು ಹಾಲಿನ ಗಾಡಿ ಹೋದ ಹಾಗೇ ಓಡಿಸಿದೆ.