ಸೂರಿಲ್ಲದ ಕಾರು, ಶಿರಾದ ಮೇಸ್ತ್ರಿ

ಶಿರಾದ ಮೇಸ್ತ್ರಿಯ ಬಲಗೈಯ ನಾಲ್ಕು ಗೆಣ್ಣುಗಳೂ ಒಡೆದು, ಕೂಡಿಕೊಂಡು, ಒಂದೇ ಗಂಟಾಗಿದ್ದವು. ಅರ್ಧ ತಗಡಿಗೆ ಬಡಿದು ಒಡೆದದ್ದು, ಇನ್ನರ್ಧ ಬ್ರೋಕರುಗಳ ದವಡೆಗೆ ಬಡಿದು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಹಳೆಯ ಕಾರುಗಳ ತಗಡು ಕೆಲಸದಲ್ಲಿ ಅವರನ್ನು ಮೀರಿಸುವವರು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ. ಕೊಳೆತ ತಳಕ್ಕೆ ಪುಟ್ಟಿ ಮೆತ್ತಿ ಶಾಲಾ ವ್ಯಾನು ಮಾರಿದವನೊಬ್ಬನ ಕತ್ತಿನಪಟ್ಟಿ ಹಿಡಿದು, ಅದೇ ವ್ಯಾನಿನ ಬಾಗಿಲಿಗೆ ಅವನ ತಲೆಯನ್ನು ಮೂರು ಸಲ ಬಡಿದದ್ದನ್ನು ನಾನೇ ಕಂಡಿದ್ದೇನೆ. "ಸದ್ದು ಕೇಳ್ಲಾ, ಪೊಳ್ಳು ಯಾವ್ದು, ಗಟ್ಟಿ ಯಾವ್ದು" ಎನ್ನುತ್ತಿದ್ದರು.

ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನಲವತ್ತೆಂಟಕ್ಕೆ ಡ್ರೈವಿಂಗ್ ಕಲಿತೆ. ಎಲ್ಲರಂತೆ ಬಿಳಿಯ ಕಾರೊಂದನ್ನು ಕೊಂಡು ಸುಮ್ಮನಿರಬಹುದಿತ್ತು. ನನಗೆ ಬೇಕಾದದ್ದು ಮೇಲಿನ ಬಟ್ಟೆಯನ್ನು ಮಡಚಿ ಹಿಂದಕ್ಕೆ ತಳ್ಳುವ, ಎರಡೇ ಸೀಟಿನ ಹಳೇ ಕಾಲದ ಸ್ಪೋರ್ಟ್ಸ್ ಕಾರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಸ್ಟಾಫ್ ರೂಮು ನಕ್ಕಿತು. ಮೇಸ್ತ್ರಿ ನಗಲಿಲ್ಲ.

"ಸೂರಿಲ್ಲದ ಗಾಡಿ ಕಣಮ್ಮ ಅದು" ಎಂದರು. "ಬಾಗ್ಲು ಕೆಳಗಿನ ತೊಲೆನೇ ಅದರ ಬೆನ್ನುಮೂಳೆ. ಅದು ಕೊಳೆತಿದ್ರೆ, ಗುಂಡೀಲಿ ಬಿದ್ದೇಟ್ಗೆ ನಡು ಮುರಿದು ಮಡಚ್ಕಂತೈತೆ. ಒಳಗಿರೋರ್ನ ಅಡಕತ್ರಿಗೆ ಸಿಕ್ಕ ಅಡಿಕೆ ಅಂಗೆ ಕತ್ತರಿಸ್ತೈತೆ. ಬಣ್ಣ ನೋಡಿ ಮರುಳಾಗ್ಬ್ಯಾಡಿ. ನಾನು ನೋಡೋಗಂಟ ಕೈ ಹಾಕ್ಬ್ಯಾಡಿ."

ನಾನು ಕೈ ಹಾಕಿದೆ. ಪಾವಗಡದ ಕ್ಯಾತಗಾನಚೆರ್ಲು ಕಡೆ, ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವನೊಬ್ಬ ಖಯಾಲಿಗೆಂದು ತಂದಿಟ್ಟ ಕೆಂಪು ಕಾರನ್ನು ಮಾರುತ್ತಿದ್ದ. ಶುಕ್ರವಾರ ಹೋದೆವು, ಅಂದರೆ ನಾನು ಹೋದೆ, ಶಿರಾದಿಂದ ಬೈಕಿನಲ್ಲಿ ಬರಬೇಕಾದ ಮೇಸ್ತ್ರಿ ತಡವಾದರು. ನಮ್ಮ ಮನೆಯಲ್ಲಿ ಸೈಕಲ್ಲಿನಿಂದ ಹಿಟ್ಟಿನ ಗಿರಣಿಯವರೆಗೆ ಪೂಜೆಯಾಗದೆ ಯಾವುದನ್ನೂ ಮುಟ್ಟುವುದಿಲ್ಲ. ರಾಹುಕಾಲ ಹತ್ತಿರವಾಗುತ್ತಿತ್ತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ, ವಿಭೂತಿ ಬಳಿದೆ, ಬಾಗಿಲ ಕೆಳಗೆಲ್ಲ ಕುಂಕುಮವಿಟ್ಟು ಕಾಯಿ ಒಡೆದೆ. ಮಾರುವವನು ನನಗಿಂತ ಭಕ್ತಿಯಿಂದ ಕೈಮುಗಿದ. ಪೂಜೆಯಾದ ಗಾಡಿಯನ್ನು ಬಿಟ್ಟುಹೋಗುವ ಜನ ನಾವಲ್ಲವೆಂದು ಅವನಿಗೆ ಗೊತ್ತಿತ್ತು.

ಮೇಸ್ತ್ರಿ ಬಂದು ನೋಡಿದರು. "ತಾಳಿ ಕಟ್ಟಿಸ್ಕೊಂಡು ಆಮೇಲೆ ಗಂಡು ನೋಡಕ್ಕೆ ಕರೆದ್ರಾ?" ಎಂದು ನನ್ನ ಮೇಲೆ ಹರಿಹಾಯ್ದರು. ಬಾಗಿಲನ್ನು ತೆರೆದು ಮುಚ್ಚಿದರು, ಸಲೀಸಾಗಿತ್ತು. ಆಮೇಲೆ ಕಾರಿನ ನಡುವಿಗೆ ಜಾಕ್ ಕೊಟ್ಟು ಎತ್ತಿದರು. ಕಾರಿನ ನಡುವೇ ಬಾಗಿ, ಅದೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅಲುಗಾಡಲಿಲ್ಲ. ಮೇಸ್ತ್ರಿ ಸುತ್ತಿಗೆ ಎತ್ತಿ, ನಾನಿಟ್ಟ ಕುಂಕುಮದ ಮೇಲೇ ಬಾರಿಸಿದರು. ಸುತ್ತಿಗೆ ಹಿಡಿಯವರೆಗೂ ಒಳಗೆ ಹೋಯಿತು. ಕಿತ್ತಾಗ ಪುಟ್ಟಿಯ ಚಕ್ಕೆ, ತುಕ್ಕಿನ ಪುಡಿ, ತುರುಕಿದ್ದ ಗೋಣಿಚೀಲದ ಚೂರು ಸುರಿದವು.

"ಪೂಜ ಅಯಿಪೋಯಿಂದಿ ಮೇಡಂ" ಎಂದ ಮಾರುವವನು ತೆಲುಗಿನಲ್ಲಿ. "ಪೂಜೆ ಆಗೋಯ್ತು, ಗಾಡಿ ನಿಮ್ದೇ. ಒಡೆದಿದ್ದೂ ನಿಮ್ದೇ."

"ಕೊಲೆ ಮಾಡಕ್ಕೆ ಇಟ್ಕೊಂಡಿದ್ದೀಯ ಇದ್ನ. ನಡೀರಮ್ಮ" ಎಂದ ಮೇಸ್ತ್ರಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಜಾಕ್ ಇಳಿಸಲು ಬಗ್ಗಿದರು. ಮಾರುವವನು ಗೋಡೆಗೆ ಒರಗಿಸಿದ್ದ ಕಬ್ಬಿಣದ ಸಲಾಕೆ ತೆಗೆದು ಬೀಸಿದ. ಸದ್ದಿಗೆ ಮೇಸ್ತ್ರಿ ಮುಖ ತಿರುಗಿಸಿದರು, ಪೆಟ್ಟು ಎಡಗಣ್ಣಿನ ಮೇಲೆ ಬಿತ್ತು. ಹಣ್ಣು ಹಿಚುಕಿದಂಥ ಸದ್ದು. ಮುಖದಿಂದ ರಕ್ತ ಸುರಿಯುತ್ತಿರುವಾಗಲೇ ಎದ್ದು ಅವನ ದವಡೆಗೆ ಗುದ್ದಿದರು. ಅವನು ಬಿದ್ದ. ಬಿದ್ದವನ ಮೇಲೆ ಕೂತು ಮತ್ತೆ ಗುದ್ದಿದರು, ಮತ್ತೆ ಮತ್ತೆ. ಗದ್ದಲ ಕೇಳಿ ಓಡಿಬಂದ ನಾಲ್ಕು ಜನ ಹಿಡಿದೆಳೆಯುವವರೆಗೂ ನಿಲ್ಲಿಸಲಿಲ್ಲ.

ಠಾಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮೊದಲು ಹೊಡೆದವರು ಯಾರು? ಮಾರುವವನ ದವಡೆ ಮುರಿದಿತ್ತು, ಹಲ್ಲು ಉದುರಿದ್ದವು. ಮೇಸ್ತ್ರಿಯ ಕೈ ಎಂಥದೆಂದು ಎಲ್ಲರಿಗೂ ಗೊತ್ತಿತ್ತು. ಮೊದಲ ಏಟು ಬಿದ್ದ ಹೊತ್ತಿನಲ್ಲಿ ಅಲ್ಲಿದ್ದವಳು ನಾನೊಬ್ಬಳೇ. ಸರ್ಕಾರಿ ನೌಕರಿ, ಎದುರಿಗಿದ್ದ ಬಡ್ತಿ, ಕೋರ್ಟಿನ ಕಟಕಟೆ, ಎಲ್ಲವೂ ಕಣ್ಣ ಮುಂದೆ ಬಂದವು. "ಗಾಬರಿಯಲ್ಲಿ ನಾನು ನೋಡಲಿಲ್ಲ ಸರ್" ಎಂದೆ. ಬೆಂಚಿನ ಮೇಲೆ ಕಣ್ಣಿಗೆ ಟವೆಲ್ ಒತ್ತಿಕೊಂಡು ಕೂತಿದ್ದ ಮೇಸ್ತ್ರಿ ತಲೆ ಎತ್ತಿ ನನ್ನನ್ನು ನೋಡಿದರು, ತಗ್ಗಿಸಿದರು.

ಒಂದೂವರೆ ತಿಂಗಳು ಒಳಗಿದ್ದರು. ಕಣ್ಣು ಹೋಯಿತು. ಜಾಮೀನಿನಲ್ಲಿ ಅವರು ಹೊರಬಂದ ಮೇಲೆ ಶೆಡ್ಡಿಗೆ ಹೋದೆ. ಒಂದು ಏಟು ಕೊಟ್ಟುಬಿಡಲಿ ಎಂದೇ ಹೋಗಿದ್ದೆ. ಅವರು ತಗಡು ಉಜ್ಜುತ್ತಲೇ ಇದ್ದರು.

"ಕೊರಟಗೆರೇಲಿ ಒಬ್ರು ರಿಟೈರ್ಡ್ ಡಾಕ್ಟ್ರತ್ರ ಅಂಥದೇ ಒಂದು ಐತೆ" ಎಂದರು. "ಬಣ್ಣ ಎಲ್ಲ ಉದುರೋಗೈತೆ, ನೋಡಕ್ಕಾಗಲ್ಲ. ತೊಲೆ ಉಕ್ಕು. ನಾನೇ ಹೋಗಿ ಬಡಿದು ನೋಡಿ ಬಂದ್ಬುಟ್ಟೆ."

"ನನಗಾಗಿ ಯಾಕೆ ಹೋದಿರಿ? ಠಾಣೆಯಲ್ಲಿ ನಾನು..."

"ನೀವು ನೋಡ್ಲಿಲ್ಲ ಅಂದ್ರಿ. ಸರಿ ಬುಡಿ. ಆ ಕೊಳೆತ ತಗಡ್ನ ನಾನು ನೋಡಿದ್ನಲ್ಲ. ಇನ್ನೊಂದು ಅಂಥದ್ರಾಗೆ ನೀವು ಹೋಗಿ ಕುಂತ್ರೆ ನಂಗೆ ನಿದ್ದೆ ಬರ್ತದಾ?"

ಆ ಕಾರನ್ನೇ ಕೊಂಡೆ. ಐದು ವರ್ಷವಾಯಿತು, ಪಾವಗಡದ ಗುಂಡಿಗಳಲ್ಲೂ ಅದರ ಬಾಗಿಲು ಒಮ್ಮೆಯೂ ಕಚ್ಚಿಲ್ಲ. ಅದರಲ್ಲಿ ಕೂತಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಕಳೆದ ಬೇಸಿಗೆಯಲ್ಲಿ ಮೇಸ್ತ್ರಿ ಕೆಲಸ ಮಾಡುತ್ತಿದ್ದಲ್ಲೇ ಎದೆ ಹಿಡಿದುಕೊಂಡು ಕುಸಿದು ಸತ್ತರು. ಕೇಸು ಇನ್ನೂ ಮುಗಿದಿರಲಿಲ್ಲ. ಮಣ್ಣಿಗೆ ಹೋದಾಗ, ಹಿಂದೆ ನಿಂತಿದ್ದ ಇಬ್ಬರು "ಕೆಲಸಗಾರ, ಆದ್ರೆ ಸುಮ್‌ಸುಮ್ನೆ ಮೇಲೆ ಬಿದ್ದು ಹೊಡೀತಿದ್ದ" ಎಂದು ಮಾತಾಡಿಕೊಂಡರು. ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ.

ನಾನು ನೋಡಿದ್ದೆ. ಮೊದಲು ಹೊಡೆದವನು ಮಾರುವವನು. ಮೇಸ್ತ್ರಿ ಬಗ್ಗಿ ಜಾಕ್ ಇಳಿಸುತ್ತಿದ್ದರು. ಅವರ ಕೈಯಲ್ಲಿ ಸುತ್ತಿಗೆ ಇರಲಿಲ್ಲ.