ದೂರ ಓಡದ ಗಾಡಿಯ ಸೈಲೆನ್ಸರ್

ನನಗೆ ಸೀರೆ ಆರಿಸಲು ಬರುವುದಿಲ್ಲ. ಅಂಗಡಿಯವನು ಎರಡನೆಯ ಸೀರೆ ಬಿಚ್ಚುವ ಹೊತ್ತಿಗೇ ಅವನ ಮೇಲೆ ಕನಿಕರ ಬಂದು, ಮೊದಲನೆಯದನ್ನೇ ಕೊಡಿ ಎಂದುಬಿಡುತ್ತೇನೆ. ಇಂಥವಳಿಗೆ ಈ ಬೇಸಿಗೆಯಲ್ಲಿ ಅಪ್ಪನ ಪಿಕಪ್ ಗಾಡಿಗೆ ಬಾಳಿಕೆ ಬರುವ ಸೈಲೆನ್ಸರ್ ಆರಿಸುವ ಕೆಲಸ ಬಂತು. ಕುರುಗೋಡಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಗಳಿಗಲ್ಲದೆ ತುಕ್ಕಿನ ವಿಷಯ ಇನ್ನಾರಿಗೆ ಗೊತ್ತು ಎಂಬುದು ಅಮ್ಮನ ವಾದ. ತುಕ್ಕಿನ ಸಮೀಕರಣವನ್ನು ಬೋರ್ಡಿನ ಮೇಲೆ ಬರೆಯುವುದು ಬೇರೆ, ಗಾಡಿಯ ಕೆಳಗೆ ಬಗ್ಗಿ ನೋಡುವುದು ಬೇರೆ ಎಂದು ವಾದಿಸುವಷ್ಟು ಮಾತುಗಾತಿ ನಾನಲ್ಲ.

ಸೈಲೆನ್ಸರಿನಷ್ಟು ನತದೃಷ್ಟ ಭಾಗ ಗಾಡಿಯಲ್ಲಿ ಇನ್ನೊಂದಿಲ್ಲ. ಬಂಪರಿಗೆ ನಿಂಬೆಹಣ್ಣು, ಕನ್ನಡಿಗೆ ಕರಿದಾರ, ಸ್ಟೀರಿಂಗಿಗೆ ಕುಂಕುಮ. ಹೊಗೆ ನುಂಗುವ ಇದಕ್ಕೆ ಆಯುಧಪೂಜೆಯ ದಿನವೂ ಯಾರೂ ಒಂದು ಹೂವು ಇಡುವುದಿಲ್ಲ. ತೂತು ಬಿದ್ದ ಮೇಲಷ್ಟೇ ಅದೊಂದು ಇತ್ತೆಂದು ಊರಿಗೆ ಗೊತ್ತಾಗುತ್ತದೆ. ನಮ್ಮದಕ್ಕೆ ಮೇಲ್ಬದಿಯಲ್ಲಿ ತೂತು ಬಿದ್ದಾಗ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಬೀದಿಯ ನಾಯಿಗಳು ಮಲಗುವ ಜಾಗ ಬದಲಿಸಿದವು. ಎದುರುಮನೆಯಾಕೆಗೆ ಮಾತ್ರ ಅದರಿಂದ ಅನುಕೂಲವೇ ಆಯಿತು: “ನಿಮ್ಮಪ್ಪಾರ ಗಾಡಿ ಸಪ್ಪಳ ಬಂತಂದ್ರ ನಾ ಸಂಜಿ ಕುಕ್ಕರ್ ಇಡ್ತೀನ್ರಿ.”

ಅಪ್ಪನೇ ಓಡಿಸುವ ಈ ಗಾಡಿಗೆ ಎರಡು ಬಾಡಿಗೆ. ಬೆಳಿಗ್ಗೆ ಬಳ್ಳಾರಿಯ ಒಳಗೇ, ಜೀನ್ಸ್ ತೊಳೆಯುವ ಘಟಕದಿಂದ ಹಸಿ ಪ್ಯಾಂಟುಗಳ ಗಂಟನ್ನು ಒಣಹಾಕುವ ಬಯಲಿಗೆ ಸಾಗಿಸುವುದು. ಮಧ್ಯಾಹ್ನ ಸಿರುಗುಪ್ಪಕ್ಕೆ ಹೋಗಿ ಅಕ್ಕಿ ಮೂಟೆ ತರುವುದು. ಪ್ಯಾಂಟುಗಳಿಂದ ತೊಟ್ಟಿಕ್ಕುವ ಬ್ಲೀಚಿನ ನೀರು ಗಾಡಿಯ ಸಂದಿಗಳಿಂದ ಇಳಿದು ಸೈಲೆನ್ಸರನ್ನು ತಿನ್ನುತ್ತದೆ. ಬೇರೆ ಊರಿನ ಗಾಡಿಗಳು ಮುಪ್ಪಿನಿಂದ ಸಾಯುತ್ತವೆ, ಬಳ್ಳಾರಿಯವು ಫ್ಯಾಷನ್ನಿನಿಂದ. ಎಲ್ಲಿಯೋ ಯಾರದೋ ಮೊಣಕಾಲ ಮೇಲೆ ನೀಲಿ ಮಾಸಿದಂತೆ ಕಾಣಬೇಕೆಂದು ನಮ್ಮ ಗಾಡಿ ತೂತಾಗುತ್ತದೆ.

ನಾನು ನನ್ನ ಸ್ವಭಾವದಂತೆ ಓದಲು ಕೂತೆ. ಕುರುಗೋಡಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ತಗಡು ಸುತ್ತಿ ಮಾಡಿಕೊಡುತ್ತಾರೆ. ಅಗ್ಗ, ಆದರೆ ಬ್ಲೀಚಿಗೆ ಅದು ಒಂದು ತುತ್ತು. ಅಲ್ಯೂಮಿನಿಯಂ ಲೇಪದ್ದು ಗೀರು ಬೀಳುವತನಕ ಗಟ್ಟಿ. ಸ್ಟೇನ್‌ಲೆಸ್ ಸ್ಟೀಲಿಗೂ ಬ್ಲೀಚೆಂದರೆ ಆಗದು, ಆದರೂ ಅಷ್ಟು ಬೇಗ ಸೋಲುವುದಿಲ್ಲ. ಮೇಲೊಂದು ತಗಡಿನ ಮರೆ ಕೊಟ್ಟರೆ ಇನ್ನಷ್ಟು ಬಾಳುತ್ತದೆ. ಓದುತ್ತ ಇನ್ನೊಂದು ಸಂಗತಿಯೂ ತಿಳಿಯಿತು. ಹೊಗೆಯ ಜೊತೆ ನೀರಿನ ಆವಿಯೂ ಬರುತ್ತದೆ. ದೂರ ಓಡುವ ಗಾಡಿಯಲ್ಲಿ ಸೈಲೆನ್ಸರ್ ಕಾದು ಆ ನೀರು ಆರಿಹೋಗುತ್ತದೆ. ಓಣಿಯಿಂದ ಓಣಿಗೆ ಹೋಗಿ ನಿಲ್ಲುವ ಗಾಡಿಯಲ್ಲಿ ಅದು ಒಳಗೇ ಉಳಿದು, ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ದಿನವೂ ಸಿರುಗುಪ್ಪಕ್ಕೆ ಹೋಗಿಬರುವ ನಮ್ಮ ಗಾಡಿಗೆ ಆ ಚಿಂತೆ ಇಲ್ಲವೆಂದು ಪುಟ ಮುಚ್ಚಿದೆ.

ಬಿಡಿಭಾಗ ಮಾರುವ ರಾಜಾಸಾಬರು ಅಪ್ಪನಿಗೆ ಹಳೆಯ ಪರಿಚಯ. ಅಂಗಡಿಯಲ್ಲಿ ತೂಗುಹಾಕಿದ್ದ ತಗಡಿನ, ಲೇಪದ, ಸ್ಟೇನ್‌ಲೆಸ್ಸಿನ ಸೈಲೆನ್ಸರುಗಳನ್ನು ಅಪ್ಪ ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಆಲಿಸತೊಡಗಿದ. ನಮ್ಮಜ್ಜಿ ಸಂತೆಯಲ್ಲಿ ಗಡಿಗೆ ಆರಿಸುತ್ತಿದ್ದುದು ಹೀಗೆಯೇ.

“ಏನಣ್ಣಾ, ಇದರಾಗ ಸಾರು ಮಾಡ್ತೀಯೇನು?” ಎಂದರು ರಾಜಾಸಾಬರು.

“ನಿನ್ನ ಮಾಲು ಸೋರ್ತೈತೇನಂತ ನೋಡಾಕತ್ತೀನಿ ಸಾಬಾ.”

ಅಪ್ಪನಿಗೆ ಸ್ಟೇನ್‌ಲೆಸ್ಸಿನ ದನಿ ಹಿಡಿಸಿತು. ನನ್ನ ಓದೂ ಅವನ ಕಿವಿಯೂ ಒಂದೇ ಕಡೆ ಬಂದು ನಿಂತವೆಂದು ನನಗೆ ಸಮಾಧಾನ. ರಾಜಾಸಾಬರು ಗಾಡಿಯ ಕೆಳಗೆ ತೂರಿ ಹಳೆಯದನ್ನು ಬಿಚ್ಚಿ ತಂದು ಬೋರಲು ಹಿಡಿದರು. ಕಂದು ನೀರು ಸುರಿಯಿತು, ಒಂದು ಚೊಂಬಿನಷ್ಟು.

“ಇಷ್ಟು ನೀರು ಎಲ್ಲೀದಣ್ಣಾ ಇದರಾಗ?”

“ಮಳಿ ನೀರಿರಬೇಕು.”

“ಈ ಬಿಸಿಲಾಗ ಮಳಿ? ಎಲ್ಲಿ ಬಂತು ಹೇಳಣ್ಣಾ, ನಾನೂ ಹೋಗಿ ತೊಯ್ಸಿಕೊಂಡು ಬರ್ತೀನಿ!” ಅವರು ನಕ್ಕರು. ಅಪ್ಪ ನಗಲಿಲ್ಲ. ನನಗೂ ನಗು ಬರಲಿಲ್ಲ.

ಎಲ್ಲಿಂದ ಬಂದ ನೀರೇ ಆಗಲಿ, ದಿನವೂ ಸಿರುಗುಪ್ಪಕ್ಕೆ ಹೋಗಿಬಂದ ಗಾಡಿಯಲ್ಲಿ ಒಂದು ಹನಿಯೂ ಉಳಿಯಬಾರದು. ಈ ಗಾಡಿ ಬಹಳ ದಿನಗಳಿಂದ ಬಳ್ಳಾರಿ ಬಿಟ್ಟು ಹೋಗಿಲ್ಲ. ಈಚೆಗೆ ಎಲ್ಲಿಯೋ ತಾಗಿ ಮುರಿದಿದ್ದ ಗಾಡಿಯ ಎಡಗನ್ನಡಿ ನೆನಪಾಯಿತು. ಊಟಕ್ಕೆ ಕೂತಾಗ ಎಡಗಡೆಯ ನೀರಿನ ಲೋಟಕ್ಕೇ ಅಪ್ಪನ ಕೈ ತಾಗಿ ಉರುಳುತ್ತಿದ್ದುದೂ ನೆನಪಾಯಿತು.

“ಏನ್ ಹಾಕ್ಲಿ? ಗಾಡಿ ಇನ್ನ ಎಷ್ಟು ವರ್ಷ ಇಟ್ಕೋತೀಯಣ್ಣಾ, ಅದರ ಮ್ಯಾಲೈತಿ” ಎಂದರು ರಾಜಾಸಾಬರು.

ಅಪ್ಪ ನೆಲದ ಮೇಲಿನ ಒದ್ದೆ ಕಲೆಯನ್ನೇ ನೋಡುತ್ತಿದ್ದ. ಬಳ್ಳಾರಿಯ ಬಿಸಿಲಿಗೆ ಅದು ಆಗಲೇ ಅಂಚಿನಿಂದ ಮಾಯವಾಗತೊಡಗಿತ್ತು.

“ತಗಡಿಂದು ಸಾಕು” ಎಂದ.

ಅಷ್ಟು ಹೊತ್ತು ತಟ್ಟಿ ತಟ್ಟಿ ಗಟ್ಟಿಯದನ್ನು ಹುಡುಕಿದ ಮನುಷ್ಯ. ನಾನು ಜನರ ಮುಂದೆ ಅಪ್ಪನ ಮಾತಿಗೆ ಎದುರು ಹೇಳಿದವಳಲ್ಲ. ಅಂದು ಹೇಳಿದೆ. “ಸ್ಟೇನ್‌ಲೆಸ್ಸೇ ಹಾಕ್ರಿ.”

ಕೆಲಸ ಮುಗಿದ ಮೇಲೆ ಅಪ್ಪ ಗಾಡಿಯನ್ನು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಕೂತ. ಕೀಲಿಕೈ ನನ್ನತ್ತ ಚಾಚಿದ್ದ. ನನಗೆ ಲೈಸೆನ್ಸ್ ಇದೆ. ಅದರಲ್ಲಿರುವ ನನ್ನ ಫೋಟೋ ನೋಡಿದರೇ ಇವಳು ಗಾಡಿ ಓಡಿಸಲಾರಳು ಎಂದು ತಿಳಿಯುತ್ತದೆ.

“ಎಲ್ಲಿಗೆ?”

“ಸಿರುಗುಪ್ಪಕ್ಕ. ಹೊಸಾದು, ಒಮ್ಮೆ ಚೆಂದಂಗ ಕಾಯಲಿ.”

ಹಳೆಯ ಸೈಲೆನ್ಸರ್ ಇದ್ದಾಗ ಗಾಡಿಯೊಳಗೆ ಮಾತಾಡಿದರೆ ಕೇಳುತ್ತಿರಲಿಲ್ಲ, ಹಾಗಾಗಿ ಸುಮ್ಮನಿರಲು ನಮಗಿಬ್ಬರಿಗೂ ಒಂದು ನೆಪವಿತ್ತು. ಈಗ ಅದು ಹೋಗಿತ್ತು. ಊರು ದಾಟಿದ ಮೇಲೆ ಅಪ್ಪನೇ ಹೇಳಿದ.

“ಎಡಗಡಿ ಕಾಣಂಗಿಲ್ಲವ್ವಾ. ಕಣ್ಣಿನ ನರ ಒಣಗ್ಯಾವಂತ. ಹೋಗಿದ್ದು ತಿರುಗಿ ಬರಂಗಿಲ್ಲ ಅಂದ್ರು ಡಾಕ್ಟ್ರು. ಅಕ್ಕಿ ಬಾಡಿಗಿ ಬ್ಯಾರೇವ್ರಿಗೆ ಬಿಟ್ಟುಕೊಟ್ಟೀನಿ.”

“ಮತ್ತ ಮಧ್ಯಾಹ್ನ ಎಲ್ಲಿರ್ತೀ?”

“ಬಯಲಾಗ, ಬೇವಿನ ಗಿಡದ ಕೆಳಗ.”

“ಸಂಜಿ ತನಕಾನೂ?”

“ಹ್ಞೂಂ. ಪ್ಯಾಂಟ್ ಒಣಗೋದು ನೋಡ್ಕೋತ.” ಕಿಟಕಿಯ ಗಾಜು ಇಳಿಸಿ ಕೇಳಿದ, “ನೀರು ಬಿದ್ದ ಕೂಡ್ಲೆ ನಿನಗ ತಿಳೀತು, ಹೌದಿಲ್ಲೋ?”

“ಹೌದು.”

“ನಿನ್ನ ಓದಿಸಿದ್ದೇ ತಪ್ಪಾತು ನೋಡು.”

ರಸ್ತೆಯ ಪಕ್ಕದಲ್ಲಿ ಹಸಿರು ಶುರುವಾಗಿತ್ತು. ನಾನು ಅಪ್ಪನತ್ತ ತಿರುಗಿ ನೋಡಲಿಲ್ಲ. ನೋಡಿದರೆ ಗಾಡಿ ಕಾಲುವೆಗೆ ಇಳಿಯುವ ಭಯ. ಅಪ್ಪ ಕಣ್ಣು ಮುಚ್ಚಿ ಆಲಿಸುತ್ತಿದ್ದನೇನೋ, ಅಂದ, “ಗೇರ್ ಬದಲಿಸು. ಇಂಜಿನ್ ಅಳಾಕತ್ತೈತಿ.”

ಈಗ ಗಾಡಿಗೆ ಡ್ರೈವರ್ ಇದ್ದಾನೆ. ಅಪ್ಪ ಎಡಗಡೆ ಕೂತು ಅವನ ಗೇರುಗಳಲ್ಲಿ ತಪ್ಪು ಹಿಡಿಯುತ್ತಾನೆ. ಗಾಡಿ ಬಂದದ್ದು ಗೊತ್ತಾಗದೆ ಎದುರುಮನೆಯಲ್ಲಿ ಅಡುಗೆ ತಡವಾಗುತ್ತಿದೆ. ಭಾನುವಾರ ಮಾತ್ರ ನಾನು ಓಡಿಸುತ್ತೇನೆ, ಸಿರುಗುಪ್ಪಕ್ಕೆ, ಹೇರು ಏನೂ ಇಲ್ಲದೆ. ಅಮ್ಮನಿಗೆ ಈಗ ಎಲ್ಲ ಗೊತ್ತು, ಆದರೂ ಪ್ರತಿ ಸಲ ಬಾಗಿಲಲ್ಲಿ ನಿಂತು ಗೊಣಗುತ್ತಾಳೆ: “ಖಾಲಿ ಗಾಡಿ ತಗೊಂಡು ಅಪ್ಪ ಮಗಳು ಸುಮ್ಮ ಡೀಸೆಲ್ ಸುಡ್ತೀರಲ್ಲ!”

“ಸೈಲೆನ್ಸರ್ ಒಣಗಬೇಕಲ್ಲ” ಅನ್ನುತ್ತೇವೆ, ಇಬ್ಬರೂ ಒಟ್ಟಿಗೆ.